ಉಳಿದ ಒಂದು ಬತ್ತಿ

ನೀಲಾಂಬಿಕೆ ಕೊನೆಯ ಕಟ್ಟಿನ ದಾರ ಬಿಚ್ಚಿ ಬತ್ತಿಗಳನ್ನು ಮೂರು ಮೊರಗಳಿಗೆ ಒಂದೊಂದಾಗಿ ಹಾಕುತ್ತ ಬಂದಳು. ಅತ್ತೆಗೊಂದು, ಓರಗಿತ್ತಿಗೊಂದು, ತನಗೊಂದು. ಮೂವತ್ತಮೂರು ಸುತ್ತು ಮುಗಿದಾಗ ಬೆರಳಲ್ಲಿ ಒಂದು ಬತ್ತಿ ಉಳಿಯಿತು.

ಈ ಬತ್ತಿಗಳು ಅತ್ತೆ ಶಿವನಂಜಮ್ಮ ಹೊತ್ತ ಹರಕೆಯವು. ಕಾರ್ತೀಕದ ಕಡೇ ಸೋಮವಾರ ಈಶ್ವರನ ಗುಡಿಯಲ್ಲಿ ಲಕ್ಷ ಬತ್ತಿ ಉರಿಯಬೇಕು. ಮನೆಯ ಮೂವರು ಹೆಂಗಸರೂ ತಂತಮ್ಮ ಗಂಡನ ಹೆಸರಿಗೆ ಸರಿಸಮ ಹಚ್ಚಬೇಕು. ಆರು ತಿಂಗಳು ಹೊಸೆದು, ನೂರರಂತೆ ಕಟ್ಟಿ, ಸಾವಿರ ಕಟ್ಟು ಮಾಡಿದ್ದರು. ತಲೆಗೆ ಮುನ್ನೂರ ಮೂವತ್ತಮೂರು ಕಟ್ಟು ಹಂಚಿದಾಗ ಒಂದು ಕಟ್ಟು ಮಿಕ್ಕಿತ್ತು. ಅದನ್ನು ಬಿಚ್ಚಿ ಹಂಚಿದರೆ ಈಗ ಒಂದು ಬತ್ತಿ.

"ಎಲ್ಲೋ ಎಣಿಕೆ ತಪ್ಪೋಗದೆ ಕಣ್ರವ್ವ," ಎಂದರು ಶಿವನಂಜಮ್ಮ. ತಪ್ಪಿದ ಎಣಿಕೆಯನ್ನು ಶಿವ ಒಪ್ಪುವುದಿಲ್ಲ, ಎಲ್ಲ ಕಟ್ಟನ್ನೂ ಬಿಚ್ಚಿ ಮೊದಲಿಂದ ಎಣಿಸಬೇಕು ಎಂದು ಸೆರಗು ಸಿಕ್ಕಿಸಿಕೊಂಡರು.

ಹಿರಿಸೊಸೆ ಸುಂದ್ರಮ್ಮನ ಮುಖ ಬಾಡಿತು. ಎರಡು ವರ್ಷದ ಮೇಲೆ ಅವಳಿಗೆ ತವರಿನ ಕರೆ ಬಂದಿತ್ತು. ನಾಳೆ ಬೆಳಿಗ್ಗೆ ಅಣ್ಣ ಪಿರಿಯಾಪಟ್ಟಣದಿಂದ ಗಾಡಿ ತರುವವನಿದ್ದ. ಸೋಮವಾರದೊಳಗೆ ಬಂದುಬಿಡುವ ಮಾತಿನ ಮೇಲೆ ನಾಲ್ಕು ದಿನ. ಲಕ್ಷ ಬತ್ತಿ ಎಣಿಸಲಿಕ್ಕೇ ನಾಲ್ಕು ದಿನ ಬೇಕು.

"ಕಟ್ಟೋವಾಗ ಹಾಡು ಹೇಳ್ಕೊಂಡ್ ಕೂತಿದ್ದೋಳು ನೀನೇ ಅಲ್ವೆ?" ಎಂದರು ಅತ್ತೆ.

"ಹಾಡಿದ್ದು ಬಾಯಿ, ಎಣಿಸಿದ್ದು ಕೈ ಕಣತ್ತೆ," ಎಂದಳು ಸುಂದ್ರಮ್ಮ. ದನಿ ಮಾತ್ರ ಅಳುವಂತಿತ್ತು.

ಹುಣಸೂರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕಲಿತ ಭಾಗಾಕಾರ ನೀಲಾಂಬಿಕೆಗೆ ಮರೆತಿರಲಿಲ್ಲ. ಆದರೆ ಈ ಮನೆಗೆ ಬಂದ ಮೂರು ವರ್ಷದಲ್ಲಿ ಅತ್ತೆಯ ಲೆಕ್ಕಕ್ಕೆ ಅವಳು ಎದುರಾಡಿದ್ದಿಲ್ಲ. ಓರಗಿತ್ತಿಯನ್ನೊಮ್ಮೆ ನೋಡಿ, ಎದ್ದುಹೋಗಿ ಹುಣಿಸೆ ಬೀಜ ತಂದು ಅತ್ತೆಯ ಮುಂದೆ ಸುರಿದಳು. ಹತ್ತು ಬೀಜ ಎಣಿಸಿ ಮೂರು ಪಾಲು ಮಾಡಲು ಅವರಿಗೇ ಹೇಳಿದಳು. ಒಂದು ಉಳಿಯಿತು. ಇನ್ನೊಂದು ಹತ್ತು, ಮತ್ತೆ ಒಂದು. ಹೀಗೇ ನೂರು ಮುಗಿಯುವ ಹೊತ್ತಿಗೆ ಉಳಿದ ಬೀಜಗಳೇ ಹತ್ತಾದವು. ಅವನ್ನೂ ಹಂಚಿದರೆ, ಒಂದು.

"ನೂರಕ್ಕೆ ಒಂದು. ಅಂಗೇ ಹತ್ತು ನೂರಕ್ಕೆ ಹತ್ತು ಉಳೀತದೆ, ಅದ್ನ ಹಂಚಿದ್ರೆ ಸಾವಿರಕ್ಕೂ ಒಂದೇ. ಲಕ್ಷಕ್ಕೂ ಅಷ್ಟೇ ಅತ್ತೆ. ಒಂದು ಉಳೀದೆ ಇದ್ದಿದ್ರೆ ಎಣಿಕೆ ತಪ್ಪಿರೋದು."

ಶಿವನಂಜಮ್ಮ ಬೀಜಗಳನ್ನೇ ದಿಟ್ಟಿಸಿದರು. "ಕೋಟಿ ಹೊತ್ಕೊಂಡಿದ್ರೆ?"

"ಕೋಟಿಗೂ ಒಂದೇ."

"ಅಂಗಾರೆ ಮೂರ್ ಜನ ಹೆಂಗಸ್ರಿಗೆ ಸಮ ಹಂಚಕ್ಕೆ ಆ ಶಿವನ ಕೈಲೂ ಆಗಲ್ಲ ಬುಡು," ಎಂದು ಅವರು ನಕ್ಕುಬಿಟ್ಟರು. ಅತ್ತೆಯ ಮನಸ್ಸು ತಿರುಗುವ ಮುನ್ನ ಸುಂದ್ರಮ್ಮ ಸೀರೆ ಮಡಿಸಲು ಒಳಗೋಡಿದಳು.

ಉಳಿದ ಬತ್ತಿಯನ್ನು ಶಿವನಂಜಮ್ಮ ಕಿರಿಸೊಸೆಯ ಕೈಗಿಟ್ಟರು. "ಇದ್ನೂ ನೀನೇ ಹಚ್ಬುಡವ್ವ, ನಿನ್ ಗಂಡನ ಹೆಸ್ರಿಗೆ."

ನೀಲಾಂಬಿಕೆ ಹೂಂ ಎಂದಳು. ಗಂಡನ ಹೆಸರಿಗೆ ಅವಳ ಪಾಲಿನಲ್ಲಿ ಆಗಲೇ ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತಮೂರು ಬತ್ತಿಗಳಿದ್ದವು. ಇದೊಂದು ತನ್ನ ಹೆಸರಿಗಿರಲಿ ಎಂದುಕೊಂಡು, ಅದನ್ನು ಬೇರೆಯಾಗಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.