ಕಿಟಕಿ ಪಕ್ಕದ ಜಾಗ

ಅಣ್ಣನನ್ನು ಬಲಿ ತೆಗೆದುಕೊಂಡ ರಕ್ತದ ಕಾಯಿಲೆಯ ಮೇಲೆಯೇ ಮಾದೇವಿ ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಹಾಡಿಯಲ್ಲಿ ಅಷ್ಟು ಓದಿದವರು ಬೇರೆ ಯಾರೂ ಇರಲಿಲ್ಲ. ವಿದೇಶದ ಪ್ರಯೋಗಾಲಯವೊಂದು ಸಂಶೋಧನೆಗೆಂದು ಅವಳನ್ನು ಆರು ತಿಂಗಳು ಕರೆಸಿಕೊಳ್ಳಲು ಒಪ್ಪಿದೆ ಎಂದು ಗೈಡ್ ಹೇಳಿದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನನ್ನ ಲೇಖನ ಓದಿದ್ರಾ ಸರ್ ಅವ್ರು?"

"ಅದೆಲ್ಲ ಕೇಳ್ಲಿಲ್ಲ. ಅಣ್ಣನಿಗಿದ್ದ ಕಾಯಿಲೆ ನಿನಗೂ ಇದೆಯಾ ಅಂದ್ರು. ಇದೆ ಅಂದೆ. ತುಂಬಾ ಖುಷಿಪಟ್ರು."

"ಖುಷೀನಾ?"

"ಅಲ್ಲಿನವರು ಹಾಗೇ ಕಣಮ್ಮ. ನೋಡು, ನಿನಗೆ ಕಿಟಕಿ ಪಕ್ಕದ ಜಾಗಾನೇ ಕೊಟ್ಟಿದ್ದಾರೆ."

"ಮೈಕ್ರೋಸ್ಕೋಪು ನನಗೇ ಅಂತ ಬೇರೆ ಇರುತ್ತಾ ಸರ್?"

ಗೈಡ್ ಕನ್ನಡಕ ತೆಗೆದು ಒರೆಸಿಕೊಂಡರು.

"ಹಾಸಿಗೇಲಿ ಮಲಗಿರೋರಿಗೆ ಮೈಕ್ರೋಸ್ಕೋಪು ಯಾಕಮ್ಮ?"