ಗೋಡೆಗೆ ಕೂಡಿಸಿದ ಜೀವ

ಮಾವ ಹಾವಗೆಪ್ಪನನ್ನು ಗೋಡೆಗೆ ಆನಿಸಿ ಕೂಡಿಸಲು ಅನುಸೂಯಾಬಾಯಿಗೆ ಕೈಯೇ ಬರಲಿಲ್ಲ. ಹಕೀಮ ನಜಮೋದ್ದೀನ ಸಾಹೇಬರು ಬೆಳಿಗ್ಗೆ ಮತ್ತೆ ಬಂದು, ಹಾವಗೆಪ್ಪನ ಬಾತ ಕಾಲನ್ನು ಬೆರಳಿನಿಂದ ಒತ್ತಿ, ಬಿದ್ದ ಗುಳಿ ಮೇಲೇಳದ್ದನ್ನು ನೋಡಿ ಗದರಿಸಿ ಹೋಗಿದ್ದರು. "ದಿಲ್ ಕಮಜೋರ ಆಗ್ಯಾದವ್ವ, ಎದಿಗಿ ಬಲ ಇಲ್ಲ. ಮೈಯಾಗ ನೀರು ನಿಂತಾದ. ಮಲಗಿದ್ರ ಅದು ದಮ್ಮು ಕಟ್ಟಿಸ್ತದ. ಗ್ವಾಡಿಗಿ ಆನಿಸಿ ಕೂಡಿಸ್ರಿ ಅಂತ ಹೋದ ತಿಂಗಳೇ ಹೇಳೀನಿ. ಉಪ್ಪು ಬಂದ್."

ಉಪ್ಪು ಬಂದ್ ಮಾಡುವುದೇನೋ ಆಗಿತ್ತು. ಆದರೆ ಕೂಡಿಸುವುದು? ಅವರ ಲಿಂಗಾಯತರ ಮನೆಗಳಲ್ಲಿ ಹಾಗೆ ಗೋಡೆಗೆ ಆನಿಸಿ ಕೂಡಿಸುವುದು ಉಸಿರು ಹೋದವರನ್ನು. ಹಣೆತುಂಬ ವಿಭೂತಿ ಬಳಿದು, ವಾಲದಂತೆ ಬಟ್ಟೆಯಿಂದ ಗೂಟಕ್ಕೆ ಕಟ್ಟಿ ಕೂಡಿಸುತ್ತಾರೆ. ಮಣ್ಣಿಗೆ ಕೊಡುವುದೂ ಕೂತ ಹಾಗೆಯೇ. ಹೋದ ತಿಂಗಳು ಹಕೀಮರ ಮಾತು ಕೇಳಿದ್ದೇ ತಡ, ಮೆಹಕರದಿಂದ ಬಂದಿದ್ದ ಹಾವಗೆಪ್ಪನ ಅಕ್ಕ ಶಾಲುಬಾಯಿ ತಮ್ಮನ ಸೊಸೆಯ ಮೇಲೆ ಹರಿಹಾಯ್ದಿದ್ದಳು.

"ಜೀವ ಇದ್ದಾವನ್ನ ಗ್ವಾಡಿಗಿ ಕೂಡಿಸಿ ಸಾವು ಕರೀತಿ ಏನು? ಅಂವಗ ಏನರ ಆದ್ರ ನಿನ್ನ ತಲಿಮ್ಯಾಗ ಬರ್ತದ, ನೆನಪಿಟ್ಕೋ."

ಶಾಲುಬಾಯಿಯ ಬಾಯಿಯೇ ಅಂಥದು. ಒಮ್ಮೆ ತೆರೆದರೆ ಓಣಿಯ ನಾಯಿಗಳೂ ಬಾಲ ಮುದುಡಿಕೊಂಡು ಸುಮ್ಮನಾಗುತ್ತಿದ್ದವು. ಒಡಹುಟ್ಟಿದ ತಮ್ಮನಿಗೂ ಆಕೆ ಜನ್ಮದಲ್ಲಿ ಒಂದು ಒಳ್ಳೆಯ ಮಾತು ಆಡಿದವಳಲ್ಲ.

ಮಧ್ಯಾಹ್ನ, ಮಲಗಿದ್ದ ಹಾವಗೆಪ್ಪನ ಗಂಟಲಲ್ಲಿ ಗೊರಗೊರ ಶುರುವಾಯಿತು. ತುಟಿಗಳು ಕಪ್ಪಿಟ್ಟವು. ಅನುಸೂಯಾಬಾಯಿಯ ಗಂಡ ಮನ್ಮಥಪ್ಪ ಸೋದರತ್ತೆ ಶಾಲುಬಾಯಿಯನ್ನು ಕರೆತರಲು ಗಾಡಿ ಕಟ್ಟಿಕೊಂಡು ಮೆಹಕರಕ್ಕೆ ಹೋದವನು ಇನ್ನೂ ಬೀದರಿಗೆ ಮರಳಿರಲಿಲ್ಲ. ಮನೆಯಲ್ಲಿ ಬೇರೆ ನರಪಿಳ್ಳೆಯಿಲ್ಲ.

"ಕೂಡಿಸವ್ವ," ಎಂದ ಹಾವಗೆಪ್ಪ.

"ಮಾವಾರ, ನನಗ ಅಂಜಿಕಿ ಬರ್ತದರಿ."

"ನನಗ... ಉಸರು ಬರವಲ್ದು."

ಆಮೇಲೆ ಆಕೆ ಯೋಚಿಸಲಿಲ್ಲ. ಶಾಲುಬಾಯಿ ಏನಾದರೂ ಅನ್ನಲಿ, ಓಣಿ ಏನಾದರೂ ಆಡಿಕೊಳ್ಳಲಿ, ಈ ಜೀವ ಒಂದು ಉಳಿದರೆ ಸಾಕು. ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಬೆನ್ನಿಗೆ ಕೌದಿ ಮಡಿಸಿಟ್ಟು, ಗೋಡೆಗೆ ಆನಿಸಿದಳು. ತೂಕಡಿಸಿ ವಾಲದಿರಲೆಂದು ಹಳೆಯ ಧೋತರದ ತುಂಡನ್ನು ಸಡಿಲಾಗಿ ಸುತ್ತಿ ಗೂಟಕ್ಕೆ ಕಟ್ಟಿದಳು. ಗೊರಗೊರ ನಿಧಾನವಾಗಿ ಇಳಿಯಿತು. ತುಟಿಗೆ ಬಣ್ಣ ಬಂತು. ಬೆಳಗಿನ ಪೂಜೆಯ ವಿಭೂತಿ ಹಣೆಯ ಮೇಲಿದ್ದಂತೆಯೇ ಮುದುಕ ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆಹೋದ. ಬಸವಣ್ಣ ದೊಡ್ಡವನು ಎಂದುಕೊಂಡು ಅನುಸೂಯಾಬಾಯಿ ಅಲ್ಲೇ ಕಾಲ ಬಳಿ ಕುಸಿದು ಕೂತು ಗಳಗಳ ಅತ್ತಳು.

ಅದೇ ಹೊತ್ತಿಗೆ ಗಾಡಿ ಬಂದು ನಿಂತಿತು. ಮನ್ಮಥಪ್ಪ ಹೊರಗೆ ಎತ್ತು ಬಿಚ್ಚುತ್ತಿರುವಾಗಲೇ ಶಾಲುಬಾಯಿ ಬಾಗಿಲಿಗೆ ಬಂದಳು. ಆಕೆಗೆ ಕಂಡದ್ದು ಇಷ್ಟು: ಗೋಡೆಗೆ ಕೂತ ತಮ್ಮ, ಹಣೆಯಲ್ಲಿ ವಿಭೂತಿ, ಗೂಟಕ್ಕೆ ಕಟ್ಟಿದ ಬಟ್ಟೆ, ಕಾಲ ಬಳಿ ಅಳುತ್ತಿರುವ ಸೊಸೆ. ಹೊಸ್ತಿಲ ಮೇಲೆಯೇ ಧಪ್ಪನೆ ಕೂತು, ಎದೆ ಬಡಿದುಕೊಂಡು, ಸತ್ತವರ ಗುಣ ಎತ್ತಿ ಹೆಂಗಸರು ಅಳುವ ರಾಗದಲ್ಲಿ ಹಾಡ್ಯಾಡಿ ಅಳತೊಡಗಿದಳು.

"ಅತ್ತಿ, ಇದ್ದಾರರಿ" ಎಂದು ಕೂಗಲು ಅನುಸೂಯಾಬಾಯಿ ಬಾಯಿ ತೆರೆದಳು. ಯಾರೋ ಆಕೆಯ ಮಣಿಕಟ್ಟು ಹಿಡಿದರು. ನೋಡಿದರೆ ಮಾವನ ಕೈ. ಗದ್ದಲಕ್ಕೆ ಎಚ್ಚರಾಗಿದ್ದ ಮುದುಕ ಕಣ್ಣು ಮಾತ್ರ ತೆರೆದಿರಲಿಲ್ಲ.

"ನನ್ನ ತಮ್ಮಾ, ಅವ್ವ ಹೋದಮ್ಯಾಗ ನನಗ ತೌರುಮನಿ ನೀನೇ ಆಗಿದ್ಯೋ. ಪ್ಲೇಗ ಬಂದು ನಿಜಾಮರ ಸವಾರರು ಊರು ಖಾಲಿ ಮಾಡಿಸಿದಾಗ ಊರ ಹೊರಗಿನ ನನ್ನ ಗುಡಿಸಲಕ್ಕ ಗಂಡನ ಮನಿಯವ್ರು ಹಣಕಿ ಹಾಕಲಿಲ್ಲೋ. ನೀ ಒಬ್ಬಾಂವ ಬೀದರಲಿಂದ ನಡ್ಕೋತ ಬಂದು ಬಾಯಿಗಿ ಗಂಜಿ ಹಾಕಿದ್ಯೋ. ಒಂದ ದಿವಸರ ನಿನಗ ಛಲೋ ಮಾಡ್ದಿ ಅನ್ನಲಿಲ್ಲೋ ಈ ಪಾಪಿ..."

ಮುಚ್ಚಿದ ರೆಪ್ಪೆಯಡಿಯಿಂದ ಹಾವಗೆಪ್ಪನ ಕೆನ್ನೆಗೆ ನೀರಿಳಿಯಿತು. ಶಾಲುಬಾಯಿ ಅದನ್ನು ಕಂಡವಳೇ ರಾಗದ ನಡುವೆ ಗಕ್ಕನೆ ಹಾಡು ನಿಲ್ಲಿಸಿದಳು.

"ಮುಂದ ಹೇಳಕ್ಕ," ಎಂದ ಹಾವಗೆಪ್ಪ ಕಣ್ಣು ತೆರೆದು. "ನಿನ್ನ ಹಲಬರ್ಗಾದ ಹೊಲಾ ಬಿತ್ತಿಕೊಟ್ಟದ್ದು ಬಿಟ್ಟಿದಿ."

"ನಿನ್ನ ಬಾಯಾಗ ಮಣ್ಣು ಬೀಳ್ಲಿ," ಎನ್ನುತ್ತ ಶಾಲುಬಾಯಿ ಅಂಬೆಗಾಲಿಕ್ಕಿ ಬಂದು ತಮ್ಮನ ಬಾತ ಕಾಲುಗಳನ್ನು ಅವುಚಿಕೊಂಡಳು. ಅತ್ತಳು, ನಕ್ಕಳು, ಬೈದಳು. ಕಡೆಗೆ ಗೂಟದ ಬಟ್ಟೆಯತ್ತ ನೋಡಿ, "ಯಾರು ಕೂಡಿಸ್ದವ್ರು?" ಎಂದಳು.

"ನಾನರಿ," ಎಂದಳು ಅನುಸೂಯಾಬಾಯಿ.

ಶಾಲುಬಾಯಿ ತಮ್ಮನ ಎದೆ ಏಳುತ್ತ ಇಳಿಯುತ್ತಿರುವುದನ್ನು ನೋಡಿದಳು. ಜಾರಿದ್ದ ಕೌದಿಯನ್ನು ತಾನೇ ಅವನ ಬೆನ್ನಿಗೆ ಸರಿಮಾಡಿ ಇಟ್ಟಳು.

"ನಂದು ಹಾಡಿದ್ದಾತಕ್ಕ," ಎಂದ ಹಾವಗೆಪ್ಪ. "ಈಗ ಇಕೀದು ಹಾಡು. ಇಕಿ ಇವತ್ತ ನನ್ನ ಜೀವ ಉಳಿಸ್ಯಾಳ."

"ಹುಚ್ಚ. ಜೀವಂತ ಕೂತಾಕಿ ಮುಂದ ಯಾರರ ಹಾಡ್ಯಾಡಿ ಅಳ್ತಾರೇನು?"

"ನಾನೂ ಜೀವಂತನೇ ಕೂತಿದ್ನಲ್ಲಕ್ಕ," ಎಂದ ಹಾವಗೆಪ್ಪ. "ಅದಕ್ಕೇ ಕೇಳಿಸ್ತು."