ಏರಿಯ ಮೇಲೆ ಗಾಡಿ

ಆಳು ಲಕ್ಕಣ್ಣ ಗಾಡಿ ಕಟ್ಟಲು ಒಪ್ಪದಿದ್ದಾಗ ತೀರ್ಥಮ್ಮ ತಾನೇ ಎತ್ತುಗಳ ಹೆಗಲಿಗೆ ನೊಗ ಏರಿಸಿದಳು. ಯಜಮಾನರು ಬೇಡ ಅಂದಿದ್ದಾರೆ, ನನ್ನ ಅನ್ನಕ್ಕೆ ಕಲ್ಲು ಹಾಕಬೇಡಿ ಎಂದು ಅವನು ಅಂಗಲಾಚಿದ. ನೀನು ನೋಡೇ ಇಲ್ಲ ಅಂದುಬಿಡು ಎಂದು ಹೇಳಿ, ಆಕೆ ಸೊಸೆ ಅಂಬಮ್ಮನನ್ನು ಒಳಕೋಣೆಯಿಂದ ಕೈಹಿಡಿದು ಕರೆತಂದು ಗಾಡಿಯಲ್ಲಿ ಕೂರಿಸಿ, ತಾನೇ ಹಗ್ಗ ಹಿಡಿದಳು.

ಅಂಬಮ್ಮನಿಗೆ ಹೊರಗಿನ ಬೆಳಕೇ ಕಣ್ಣು ಚುಚ್ಚಿತು. ಗಂಡ ಪ್ಲೇಗಿನಲ್ಲಿ ಹೋದ ಮೇಲೆ ಅವಳು ಹೊಸ್ತಿಲು ದಾಟಿರಲಿಲ್ಲ. ವರ್ಷ ತುಂಬುವವರೆಗೆ ದಾಟಕೂಡದೆಂದು ಮನೆ ನಡೆಸುವ ದೇವೀರಪ್ಪನ ಕಟ್ಟಪ್ಪಣೆ. ತೀರ್ಥಮ್ಮನ ಮೈದುನನಾದ ಅವನು ಕೊಬ್ಬರಿ ವ್ಯಾಪಾರಕ್ಕೆಂದು ಊರು ಬಿಟ್ಟಿದ್ದ. ಯುಗಾದಿ ಕಳೆದ ಹೊಸ ಬಿಸಿಲು. ಅಜ್ಜಂಪುರ ಹಿಂದಾದ ಮೇಲೆ ಅಂಬಮ್ಮ ಮೆಲ್ಲಗೆ ಕೇಳಿದಳು, ಯಾವ ದೇವರಿಗೆ ಹೋಗುತ್ತಿದ್ದೇವೆ ಅಂತ. ದೇವರಿಗಲ್ಲ, ಬುಕ್ಕಾಂಬುಧಿ ಕೆರೆಗೆ, ಸುಮ್ಮನೆ ನೋಡಿಕೊಂಡು ಬರುವುದಕ್ಕೆ ಎಂದಳು ಅತ್ತೆ. ಹೆಂಗಸರು ಸುಮ್ಮನೆ ಹೋಗುವುದೂ ಉಂಟೆಂದು ಅಂಬಮ್ಮನಿಗೆ ಗೊತ್ತಿರಲಿಲ್ಲ.

ಬಯಲಿನಲ್ಲಿ ಹುಲ್ಲೆಗಳ ಹಿಂಡೊಂದು ತಲೆಯೆತ್ತಿ ನೋಡಿ, ಚಂಗನೆ ನೆಗೆದು ಮಾಯವಾಯಿತು. ಏರಿ ಹತ್ತಿದರೆ ನೀರೋ ನೀರು, ಹೆಸರಿಗೆ ತಕ್ಕ ಕಡಲು. ಹೆಜ್ಜಾರ್ಲೆಗಳು ಕೊಕ್ಕಿನ ಚೀಲ ಇಳಿಬಿಟ್ಟುಕೊಂಡು ತೇಲುತ್ತಿದ್ದವು. ಬಂಡೆಯ ಮೇಲೆ ನೀರುನಾಯಿಗಳು. ತಾಯಿ ತಂದ ಮೀನನ್ನು ಮರಿಯೊಂದು ಕಸಿದುಕೊಂಡು ಓಡಿ, ಜಾರಿ, ಮೀನಿನ ಸಮೇತ ನೀರಿಗೆ ಬಿತ್ತು. ಮೀನು ತಪ್ಪಿಸಿಕೊಂಡಿತು. ಮರಿ ಖಾಲಿ ಬಾಯಿ ತೆರೆದುಕೊಂಡು ತಾಯಿಯ ಮುಖ ನೋಡಿತು. ಅಂಬಮ್ಮನಿಗೆ ನಗು ಬಂತು. ಸೆರಗು ಬಾಯಿಗೊತ್ತಿಕೊಂಡರೂ ನಿಲ್ಲಲಿಲ್ಲ. ತೀರ್ಥಮ್ಮನೂ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಆ ನಗು ಮುಗಿಯುವ ಮೊದಲೇ ಎದುರಿನಿಂದ ಟಟ್ಟುವಿನ ಮೇಲೆ ದೇವೀರಪ್ಪ ಬಂದ. ವ್ಯಾಪಾರ ಬೇಗ ಮುಗಿದು ಊರಿಗೆ ಮರಳುತ್ತಿದ್ದ. ಏರಿಯ ಮೇಲೆ ಒಂದು ಗಾಡಿಗಾಗುವಷ್ಟೇ ದಾರಿ. ಅವನು ಕುದುರೆಯನ್ನು ಅಡ್ಡ ನಿಲ್ಲಿಸಿದ.

"ಗಂಡ ಸತ್ತು ವರ್ಷ ತುಂಬಿಲ್ಲ, ಅರ್ಧ ಕೆರೆಗೆ ಕೇಳೋ ಹಂಗೆ ನಗ್ತಾಳೆ. ಮನೆ ಮಾನ ಉಳೀತದಾ ಅತ್ತಿಗೆ?"

"ಸತ್ತೋನು ನನ್ ಮಗ ಕಣಪ್ಪ. ಅವನಿಗೆ ಯಾರು ಎಷ್ಟು ಅಳ್ಬೇಕು ಅಂತ ನೀನು ಹೇಳ್ಬೇಡ."

ದೇವೀರಪ್ಪ ದನಿ ಏರಿಸಲಿಲ್ಲ. "ಎತ್ತು ಬಿಚ್ಚಿ ಗಾಡಿ ತಿರುಗ್ಸಿ. ಮುಂದಕ್ಕೆ ಹೋದ್ರೆ ಇಬ್ರೂ ಹಂಗೇ ಹೋಗ್ಬಿಡಿ. ಮನೆ ಬಾಗ್ಲು ತೆಗಿಯಲ್ಲ."

ಹಗ್ಗ ಹಿಡಿದಿದ್ದ ಅತ್ತೆಯ ಕೈ ಸಡಿಲವಾದದ್ದನ್ನು ಅಂಬಮ್ಮ ಕಂಡಳು. ಆ ಮನೆಗೆ ಬಂದು ಅಲ್ಲೇ ಮುದುಕಿಯಾದವಳು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಇಷ್ಟು ಸಾಕು ಅತ್ತೆ, ಹಿಂದಕ್ಕೆ ಹೋಗೋಣ ಎಂಬ ಮಾತು ಅಂಬಮ್ಮನ ನಾಲಗೆಯ ತುದಿಗೆ ಬಂದಿತ್ತು. ಆದರೆ ಈಗ ಹಿಂದಿರುಗಿದರೆ ತಾನು ಒಳಕೋಣೆ ಸೇರುವುದು ಮಾತ್ರವಲ್ಲ, ಅತ್ತೆಯೂ ಇನ್ನು ಆ ಮನೆಯಲ್ಲಿ ತಲೆಯೆತ್ತಲಾರಳು ಎನಿಸಿತು. ಅವಳು ಮುಂದಕ್ಕೆ ಸರಿದು, ಅತ್ತೆಯ ಕೈಯಿಂದ ಹಗ್ಗ ತೆಗೆದುಕೊಂಡಳು. ತಲೆಯ ಮೇಲಿನ ಸೆರಗು ಜಾರಿತು. ಎಳೆದುಕೊಳ್ಳಲಿಲ್ಲ.

"ಚಿಕ್ಕಮಾವ, ಕೋಡಿ ಹತ್ರ ಇನ್ನೂ ಹಕ್ಕಿ ಇರ್ತವೆ. ನೋಡ್ಕೊಂಡು ಸಂಜೆಗೆ ಮನೆಗೇ ಬತ್ತೀವಿ. ಬಾಗ್ಲು ಹಾಕಿದ್ರೆ ಜಗಲಿ ಮೇಲೆ ಕೂತಿರ್ತೀವಿ. ಬೀದೀಲಿ ಹೋಗೋರು ಯಾಕೆ ಅಂತ ಕೇಳಿದ್ರೆ ಇದ್ದದ್ದನ್ನ ಹೇಳ್ತೀವಿ. ಈಗ ದಾರಿ ಬಿಡಿ."

ಅವಳು ಎತ್ತುಗಳ ಬೆನ್ನು ತಟ್ಟಿದಳು. ಅವು ಹೆಜ್ಜೆಯಿಟ್ಟವು. ಕೊಂಬುಗಳು ಹತ್ತಿರವಾದಂತೆ ಟಟ್ಟು ಕಿವಿ ನಿಮಿರಿಸಿ ಹಿಂಜರಿಯಿತು. ದೇವೀರಪ್ಪ ಅತ್ತಿಗೆಯ ಕಡೆ ನೋಡಿದ, ಆಕೆ ನೀರಿನ ಕಡೆ ನೋಡುತ್ತಿದ್ದಳು. ಅಂಬಮ್ಮನ ಕಡೆ ನೋಡಿದ, ಅವಳು ಅವನನ್ನೇ ನೋಡುತ್ತಿದ್ದಳು. ಗಾಡಿ ನಿಲ್ಲಲಿಲ್ಲ.

ಅವನು ಕುದುರೆಯಿಂದ ಇಳಿದ. ಪಂಚೆ ಎತ್ತಿಕಟ್ಟಿ, ಲಗಾಮು ಹಿಡಿದೆಳೆಯುತ್ತ, ಕೆರೆಯ ಕೆಸರಿಗೆ ಇಳಿದು ನಿಂತ.